ಸದ್ಯ, ಏನೂ ಆಗಲಿಲ್ಲ

ಬೆಂಗಳೂರು
3 ಅಕ್ಟೋಬರ್ 2010, ಭಾನುವಾರ

ಲೋ ಮಾರಾಯ,

ಗುರುವಾರ ರಾತ್ರಿ ನೀನು ದುಬೈನಿಂದ ಫೋನ್ ಮಾಡಿ "ಅಯೋಧ್ಯೆ ತೀರ್ಪು ನೋಡಿದ್ಯಾ? ಏನನ್ನಿಸಿತು?" ಅಂತ ಕೇಳಿದೆ. ನಾನು "ಸದ್ಯ, ಏನೂ ಆಗಲಿಲ್ಲ ಕಣೋ" ಅಂದೆ. ನೀನು "ಹೂಂ, ಆಗಲಿಲ್ಲ" ಅಂದು, ಒಂದು ಗಳಿಗೆ ಸುಮ್ಮನಿದ್ದು, ಮಗಳ ಕೆಮ್ಮು ಹೇಗಿದೆ ಅಂತ ವಿಚಾರಿಸಿದೆ. ಫೋನ್ ಇಟ್ಟ ಮೇಲೆ ಗೊತ್ತಾಯಿತು, ನೀನು ಕೇಳಿದ್ದಕ್ಕೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಕೆ ಚೂರಿನ ಹಾಗೆ ಮೂರು ದಿನದಿಂದ ಕಾಡ್ತಾ ಇದೆ. ಅದಕ್ಕೇ ಈ ಕಾಗದ. ಮಧ್ಯೆ ಶುಕ್ರವಾರ ರಜನಿ ಸಿನಿಮಾ ಬೇರೆ ನೋಡಿ ಬಂದೆ. ಈಗ ತಲೆಯಲ್ಲಿ ಎರಡೂ ಕಲಸಿಹೋಗಿವೆ. ಬಿಡಿಸಿ ಬರೆಯೋಕೆ ನನಗೆ ಬರಲ್ಲ, ಬಂದ ಹಾಗೆ ಬರೀತೀನಿ.

ತೀರ್ಪು 24ನೇ ತಾರೀಖೇ ಬರಬೇಕಿತ್ತಲ್ಲ. ಹಿಂದಿನ ದಿನ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, 28ಕ್ಕೆ ತೆಗೆಯಿತು. ನಮಗೆ ಹೆದರಿಕೆ ಒಂದು ವಾರ ಜಾಸ್ತಿ ಸಿಕ್ಕಿತು, ಅಷ್ಟೇ. ಬಲ್ಕ್ ಎಸ್ಸೆಮ್ಮೆಸ್ ಬಂದ್ ಮಾಡಿದ್ದರು. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಒಂದಕ್ಕೇ "ಹೊರಡಿ ಹೊರಡಿ" ಅಂದರು. ದಾರಿಯಲ್ಲಿ ಎಷ್ಟೋ ಅಂಗಡಿಗಳು ಅರ್ಧ ಶಟರ್ ಎಳೆದುಕೊಂಡಿದ್ದವು. ನಾನೂ ಎಲ್ಲರ ಹಾಗೆ ಎರಡು ಪ್ಯಾಕೆಟ್ ಹಾಲು ಜಾಸ್ತಿ ತಗೊಂಡೆ, ಒಂದು ಕೆಜಿ ರವೆ, ಮಗಳಿಗೆ ಕೆಮ್ಮಿನ ಸಿರಪ್ಪು. ಹಾಲಿನ ಅಂಗಡಿಯವನು "ನಾಲ್ಕರ ಮೇಲೆ ಇರಲ್ಲ ಸಾರ್" ಅಂದ. ಹಾಲೋ, ಅವನೋ, ಕೇಳಲಿಲ್ಲ.

ಆಮೇಲೆ ಟಿವಿ ಮುಂದೆ ಕೂತೆ. ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ, ಮೂವರು ಜಡ್ಜುಗಳು, ಎಂಟು ಸಾವಿರಕ್ಕೂ ಜಾಸ್ತಿ ಪುಟ. ವಕೀಲರು ಹೊರಗೆ ಬಂದು ಎರಡು ಬೆರಳು ತೋರಿಸಿದರು. ಯಾರು ಗೆದ್ದರು ಅಂತ ಗೊತ್ತಾಗೋಕೆ ಇನ್ನೂ ಅರ್ಧ ಗಂಟೆ ಬೇಕಾಯಿತು. ಕೊನೆಗೆ ತಿಳಿದದ್ದು ಇಷ್ಟು: ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. 2.77 ಎಕರೆ ಜಾಗ, ಮೂರು ಪಾಲು. ರಾಮಲಲ್ಲಾಗೆ, ಅಂದ್ರೆ ಬಾಲರಾಮ ದೇವರಿಗೆ, ಒಂದು, ಸಾಧುಗಳ ನಿರ್ಮೋಹಿ ಅಖಾಡಾಕ್ಕೆ ಒಂದು, ಸುನ್ನಿ ವಕ್ಫ್ ಬೋರ್ಡಿಗೆ ಒಂದು. ಮಸೀದಿಯ ನಡುವಿನ ಗುಮ್ಮಟ ಇದ್ದ ಜಾಗ ರಾಮಲಲ್ಲಾಗೆ. ಮೂರು ತಿಂಗಳು ಯಥಾಸ್ಥಿತಿ.

ಅಮ್ಮ ದೇವರ ಮನೆಗೆ ಹೋಗಿ ದೀಪ ಹಚ್ಚಿದಳು. ಇದನ್ನ ನಿನ್ನಿಂದ ಮುಚ್ಚಿಡೋದು ಬೇಡ ಅಂತ ಬರೀತಿದ್ದೀನಿ. ಅವಳಿಗೆ ನಿಜವಾಗಿ ಖುಷಿಯಾಗಿತ್ತು. ನಾನು ಬೇಡ ಅನ್ನಲಿಲ್ಲ. ಆರು ಗಂಟೆಯಾಯಿತು, ಏಳಾಯಿತು, ಎಲ್ಲೂ ಏನೂ ಇಲ್ಲ. ಎಂಟು ಗಂಟೆಗೆ ಕೆಳಗಿನ ಮನೆಯವರು ಪಾನಿಪೂರಿ ತಿನ್ನೋಕೆ ಹೊರಟರು. ಆಗ ನನಗೆ ಬಂದ ನೆಮ್ಮದಿ ಇದೆಯಲ್ಲ, ಜ್ವರ ಬಿಟ್ಟ ಹಾಗಿತ್ತು. ಆ ಹೊತ್ತಿಗೆ ಸರಿಯಾಗಿ ನಿನ್ನ ಫೋನು.

ಶುಕ್ರವಾರ ಬೆಳಿಗ್ಗೆ 'ಎಂದಿರನ್'. ಶ್ರೀರಾಂಪುರದ ಹತ್ತಿರದ ಥೇಟರು. (ಹೌದು, ಊರಿಡೀ ಬಿಟ್ಟು ರಾಮನ ಹೆಸರಿನ ಏರಿಯಾಕ್ಕೇ ಹೋಗಬೇಕಾ ಅಂತ ನೀನು ನಗ್ತೀಯ. ಟಿಕೆಟ್ ಸಿಕ್ಕಿದ್ದು ಅಲ್ಲೇ, ಅದೂ ಬ್ಲ್ಯಾಕಲ್ಲಿ, ಮುನ್ನೂರು ರೂಪಾಯಿ.) ಕಟೌಟಿನ ಹೆಗಲ ಮೇಲೆ ಒಬ್ಬ ಹುಡುಗ ಕೂತಿದ್ದ. ಹದಿನಾರು ಹದಿನೇಳು ಇರಬೇಕು. ಕೆಳಗಿಂದ ನಂದಿನಿ ಪ್ಯಾಕೆಟ್ ಎಸೀತಿದ್ದರು, ಅವನು ಹಿಡಿದು ಹಲ್ಲಲ್ಲಿ ಮೂಲೆ ಕಚ್ಚಿ ರಜನಿ ತಲೆ ಮೇಲೆ ಸುರೀತಿದ್ದ. ಹಾಲು ಕೂಲಿಂಗ್ ಗ್ಲಾಸ್ ಮೇಲಿಂದ ಇಳಿದು, ಮೂಗಿನ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಕೆಳಗಿದ್ದವರ ಮೇಲೆ ಬೀಳ್ತಿತ್ತು. ನಾನು ಹಿಂದಿನ ದಿನ ಎರಡು ಪ್ಯಾಕೆಟ್ ಹೆಚ್ಚಿಗೆ ಕೊಂಡು ಫ್ರಿಜ್ಜಲ್ಲಿ ಬಚ್ಚಿಟ್ಟಿದ್ದು ನೆನಪಾಗಿ ನಾಚಿಕೆ ಆಯಿತು.

ಗೇಟಿನಲ್ಲಿ ಒಬ್ಬ ಪೇದೆ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದರು. ನಿದ್ದೆ ಇರಲಿಲ್ಲ, ಪಾಪ. "ಎರಡು ದಿನದಿಂದ ಡ್ಯೂಟಿನಾ ಸಾರ್?" ಅಂದೆ. "ನೆನ್ನೆ ಬಂದೋಬಸ್ತು, ಯಾರೂ ಬರ್ನಿಲ್ಲ. ಇವತ್ತೂ ಬಂದೋಬಸ್ತು, ಎಲ್ಲಾ ಬಂದವ್ರೆ" ಅಂದರು.

ಸಿನಿಮಾ ಬಗ್ಗೆ ಹೇಳಬೇಕು ಅಂದ್ರೆ, ಮೊದಲರ್ಧ ನನಗೆ ತುಂಬ ಹಿಡಿಸಿತು. ವಸೀಗರನ್ ಅನ್ನೋ ವಿಜ್ಞಾನಿ ತನ್ನ ಹಾಗೇ ಇರೋ ಒಂದು ರೋಬೋ ಮಾಡ್ತಾನೆ, ಹೆಸರು ಚಿಟ್ಟಿ. ಎರಡೂ ರಜನಿಯೇ. ನಮ್ಮ ಬಿಟಿಎಸ್ ಬಸ್ಸಲ್ಲಿ ಟಿಕೆಟ್ ಹರೀತಿದ್ದ ಶಿವಾಜಿರಾವ್, ಅರವತ್ತರ ಹತ್ತಿರ, ಐಶ್ವರ್ಯಾ ರೈ ಜೊತೆ ಮಾಚು ಪಿಚುವಿನಲ್ಲಿ ಕುಣಿಯೋದು ಅಂದ್ರೆ ತಮಾಷೆನಾ? ನನಗೆ ಅದಕ್ಕಿಂತ ಇಷ್ಟವಾಗಿದ್ದು ಚಿಟ್ಟಿಯ ಪೆದ್ದುತನ. ಮನೆಯಲ್ಲಿ "ಟಿವಿ ಹಾಕು" ಅಂದ್ರೆ ಟಿವಿ ಎತ್ತಿ ನೆಲಕ್ಕೆ ಹಾಕ್ತಾನೆ. ಅದು ತಮಿಳಿನ ಜೋಕು, ಕನ್ನಡಕ್ಕೂ ಹಾಗೇ ಕೂರುತ್ತೆ ನೋಡು. ಸಂಭಾಷಣೆಯಲ್ಲಿ ಸುಜಾತಾ ಅವರ ಪಾಲೂ ಇದೆ. ಹೆಸರು ಹೆಂಗಸಿನದು, ಮನುಷ್ಯ ರಂಗರಾಜನ್, ಎರಡು ವರ್ಷದ ಹಿಂದೆ ತೀರಿಕೊಂಡರು. ನಮ್ಮ ಜಾಲಹಳ್ಳಿ ಬಿಇಎಲ್‌ನಲ್ಲಿ ಇಂಜಿನಿಯರ್ ಆಗಿದ್ದವರು, ವೋಟಿಂಗ್ ಮಷಿನ್ ಮಾಡಿದ ತಂಡದಲ್ಲಿ ಇದ್ದವರು. ಯಂತ್ರ ಹೇಳಿದ್ದನ್ನ ಹೇಳಿದ ಹಾಗೇ ಮಾಡುತ್ತೆ ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?

ಆದರೆ ಒಂದು ಜಾಗದಲ್ಲಿ ಡೈರೆಕ್ಟರ್ ಶಂಕರ್ ಮೇಲೆ ಸಿಟ್ಟು ಬಂತು. ಬೆಂಕಿ ಬಿದ್ದ ಕಟ್ಟಡದಿಂದ ಚಿಟ್ಟಿ ಜನರನ್ನ ಹೊತ್ತು ತರ್ತಾನೆ. ಸ್ನಾನ ಮಾಡ್ತಿದ್ದ ಒಬ್ಬ ಹುಡುಗಿಯನ್ನ ಹಾಗೇ ತಂದು ಎಲ್ಲರ ಎದುರು ನಿಲ್ಲಿಸ್ತಾನೆ. ಅವಳು ನಾಚಿಕೆಗೆ ಓಡಿಹೋಗಿ ಲಾರಿಗೆ ಸಿಕ್ಕಿ ಸಾಯ್ತಾಳೆ. ಆಮೇಲೆ ಕಥೆ ಅವಳನ್ನ ಅಲ್ಲೇ ಬಿಟ್ಟು, ರೋಬೋಗೆ ಭಾವನೆ ತುಂಬೋದು ಹೇಗೆ ಅನ್ನೋ ಕಡೆ ಹೋಗುತ್ತೆ. ಒಂದು ಹೆಣ್ಣುಮಗಳ ಜೀವ ಹೋಗಿದ್ದು ಯಂತ್ರಕ್ಕೆ ಪಾಠ ಕಲಿಸೋಕಾ? ನನ್ನ ಪಕ್ಕದಲ್ಲಿದ್ದ ಹೆಂಗಸು ಕಾಲೇಜು ಹುಡುಗಿಯನ್ನ ಕರ್ಕೊಂಡು ಬಂದಿದ್ದರು. ಆ ಸೀನಿನಲ್ಲಿ ಇಬ್ಬರೂ ಪರದೆ ನೋಡಲಿಲ್ಲ, ಮೊಬೈಲ್ ನೋಡಿದರು. ಕೊನೆಯ ಗ್ರಾಫಿಕ್ಸ್ ಗಲಾಟೆ ಬಗ್ಗೆ ಏನೂ ಬರೆಯಲ್ಲ. ನೂರಾರು ರಜನಿ ಸೇರಿ ಚೆಂಡಾಗ್ತಾರೆ, ಹಾವಾಗ್ತಾರೆ. ನನಗೆ ಅಷ್ಟು ಹೊತ್ತಿಗೆ ಹಸಿವಾಗಿತ್ತು.

ಈಗ ವಿಷಯಕ್ಕೆ ಬರ್ತೀನಿ. ಚಿಟ್ಟಿಯನ್ನ ಮೊದಲ ಸಲ ಜನರ ಮುಂದೆ ನಿಲ್ಲಿಸಿದಾಗ ಒಬ್ಬರು ಕೇಳ್ತಾರೆ, ದೇವರು ಇದ್ದಾನಾ ಅಂತ. ದೇವರು ಅಂದ್ರೆ ಯಾರು ಅಂತ ಚಿಟ್ಟಿ ತಿರುಗಿ ಕೇಳ್ತಾನೆ. ನಮ್ಮನ್ನ ಸೃಷ್ಟಿ ಮಾಡಿದವನು ಅಂತಾರೆ. ಹಾಗಾದ್ರೆ ನನ್ನನ್ನ ಮಾಡಿದ್ದು ವಸೀಗರನ್, ದೇವರು ಇದ್ದಾನೆ, ಅಂತಾನೆ ಚಿಟ್ಟಿ. ಥೇಟರಿಗೆ ಥೇಟರೇ ಶಿಳ್ಳೆ. ನಾನೂ ಚಪ್ಪಾಳೆ ಹೊಡೆದೆ. ಹೊಡೆಯುತ್ತಲೇ ಹಿಂದಿನ ದಿನ ಟಿವಿಯಲ್ಲಿ ಕೇಳಿದ್ದು ನೆನಪಾಯಿತು. ಕಾನೂನಿನ ಲೆಕ್ಕದಲ್ಲಿ ರಾಮಲಲ್ಲಾ ಒಬ್ಬ ಕಕ್ಷಿದಾರ, ಅದೂ ಮೈನರ್ ಇದ್ದ ಹಾಗೆ. ತಾನಾಗಿ ದಾವೆ ಹೂಡೋ ಹಾಗಿಲ್ಲ. 1989ರಲ್ಲಿ ಅವನ ಪರವಾಗಿ ಹಾಕಿದ್ದು ದೇವಕಿನಂದನ್ ಅಗರ್ವಾಲ್ ಅಂತ, ನಿವೃತ್ತ ಹೈಕೋರ್ಟ್ ಜಡ್ಜು. ಇಂಥವರಿಗೆ ಕಾನೂನಿನಲ್ಲಿ 'ನೆಕ್ಸ್ಟ್ ಫ್ರೆಂಡ್' ಅಂತಾರಂತೆ. ದೇವರಿಗೂ ಕೋರ್ಟಿಗೆ ಹೋಗೋಕೆ ಒಬ್ಬ ಫ್ರೆಂಡ್ ಬೇಕು ಕಣೋ.

ಫ್ರೆಂಡ್ ಅಂದ ಮೇಲೆ ಇನ್ನೊಂದು. ನಿಮ್ಮ ಕಡೆಯಿಂದ ಮೊದಲಿಂದ ಕೇಸು ನಡೆಸಿದ ಹಾಶಿಮ್ ಅನ್ಸಾರಿ ಇದ್ದಾರಲ್ಲ, ತೊಂಬತ್ತರ ಹತ್ತಿರದ ಮುದುಕರು, ಅವರು ದರ್ಜಿ. ಎದುರು ಪಾರ್ಟಿ ಪರಮಹಂಸ ರಾಮಚಂದ್ರ ದಾಸ್. ಇಬ್ಬರೂ ಒಂದೇ ಗಾಡಿಯಲ್ಲಿ ಕೂತು ಕೋರ್ಟಿಗೆ ಹೋಗಿ, ಒಳಗೆ ಎದುರಾಬದುರು ನಿಂತು, ಮತ್ತೆ ಒಟ್ಟಿಗೇ ವಾಪಸ್ ಬರ್ತಿದ್ದರಂತೆ.

ನೋಡು, ಈಗಷ್ಟೇ "ನಿಮ್ಮ ಕಡೆಯಿಂದ" ಅಂತ ಬರೆದೆ. ಅಳಿಸೋಣ ಅಂದುಕೊಂಡೆ. ಬೇಡ, ಇರಲಿ. ಹೀಗೆ ಬಂದುಬಿಡುತ್ತೆ ಅನ್ನೋದು ನಿನಗೂ ಗೊತ್ತಿರಲಿ.

ದರ್ಜಿ ಅಂದ ತಕ್ಷಣ ಚಾಚಾ ನೆನಪಾದರು. 1992ರ ಡಿಸೆಂಬರ್, ಬಾಬ್ರಿ ಮಸೀದಿ ಕೆಡವಿದ ಹೊತ್ತು. ನಾವು ಏಳನೇ ಕ್ಲಾಸು. ನಮಗೆ ಗೊತ್ತಿದ್ದದ್ದು ಶಾಲೆ ಇಲ್ಲ ಅನ್ನೋದು ಮಾತ್ರ. ರಾತ್ರಿ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಚಾಚಾ ಬಂದಿದ್ದರು, ಬೆಡ್‌ಶೀಟಿನಲ್ಲಿ ಕಟ್ಟಿದ ಎರಡು ದೊಡ್ಡ ಗಂಟು ಹೊತ್ತು. ಅಂಗಡಿಗೆ ಏನಾದರೂ ಆದರೆ ಗಿರಾಕಿಗಳ ಬಟ್ಟೆ ಹೋಗಬಾರದು ಅಂತ ತಂದಿದ್ದರು. ಮೆಷಿನ್ನುಗಳನ್ನ ಅಲ್ಲೇ ಬಿಟ್ಟು ಬಂದಿದ್ದರು. ಅಳತೆ ಪುಸ್ತಕ ಮಾತ್ರ ಅಂಗಿಯೊಳಗೆ ಇಟ್ಟುಕೊಂಡಿದ್ದರು. ಅಮ್ಮ ಆ ಗಂಟುಗಳನ್ನ ದೇವರ ಮನೆಯ ಅಟ್ಟದ ಮೇಲೆ ಇಟ್ಟಳು. ಮನೆಯಲ್ಲಿ ಇಲಿ ಬರದ ಜಾಗ ಅದೊಂದೇ. ಒಂದೊಂದು ಬಟ್ಟೆಗೂ ಗುಂಡುಸೂಜಿಯಲ್ಲಿ ಚೀಟಿ ಚುಚ್ಚಿತ್ತು, ಹೆಸರು, ತಾರೀಖು, ಕೊಡಬೇಕಾದ ಬಾಕಿ. ನಮ್ಮಕ್ಕನ ಮದುವೆ ಬ್ಲೌಸುಗಳೂ ಅದರಲ್ಲೇ ಇದ್ದವು. ಎಂಟು ದಿನದ ಮೇಲೆ ಬಂದು ಎಣಿಸಿಕೊಂಡು ಹೋದರು. ಮೊನ್ನೆ ದೀಪ ಹಚ್ಚಿದ್ದು ಅದೇ ಅಮ್ಮ, ಅದೇ ದೇವರ ಮುಂದೆ. ಇದನ್ನ ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ನನ್ನ ಕೇಳಬೇಡ.

ಶುಕ್ರವಾರ ಸಂಜೆ ಚಾಚಾಗೆ ಫೋನ್ ಮಾಡಿದ್ದೆ, ನಿನಗೆ ಹೇಳಿರಲಿಲ್ಲ. "ತೀರ್ಪು ಕೇಳಿದ್ರಾ ಚಾಚಾ?" ಅಂದೆ. ನಕ್ಕರು. "ಒಂದು ಅಂಗಿ ಬಟ್ಟೆಗೆ ಮೂರು ಜನ ಜಗಳ ಆಡಿದ್ರಪ್ಪ. ಮಾಸ್ತರ್ ಮೂರು ತುಂಡು ಮಾಡಿ ಕೊಟ್ಟ. ಈಗ ಯಾರಿಗೂ ಅಂಗಿ ಇಲ್ಲ, ಎಲ್ಲರಿಗೂ ಒಂದೊಂದು ಕರ್ಚೀಪು" ಅಂದರು.

ನಾನು ಮೂರು ದಿನದ ಪೇಪರು ಓದಿ ಹೇಳಲಾಗದ್ದನ್ನ ಅವರು ಒಂದು ಮಾತಲ್ಲಿ ಹೇಳಿದರು. ಅಲ್ಲಿ ಪಾಲು ಮಾಡಿಕೊಡಿ ಅಂತ ಕೇಳಿದವರೇ ಯಾರೂ ಇಲ್ಲ. ಎಲ್ಲರೂ ಪೂರ್ತಿ ನಮ್ಮದು ಅಂತಲೇ ಬಂದವರು. ವಕ್ಫ್ ಬೋರ್ಡು 1961ರಲ್ಲಿ ಹಾಕಿದ ದಾವೆ, ಅಖಾಡಾ 1959ರಲ್ಲಿ ಹಾಕಿದ್ದು, ಎರಡನ್ನೂ ಅವಧಿ ಮೀರಿದೆ ಅಂತ ವಜಾ ಮಾಡಿದ್ದಾರೆ. ವಜಾ ಮಾಡಿದ ಮೇಲೆ ಅವರಿಗೇ ಮೂರನೇ ಒಂದು ಪಾಲು ಕೊಟ್ಟಿದ್ದಾರೆ! ಚಿಟ್ಟಿ ಹೇಳಿದ್ದನ್ನ ಮಾತ್ರ ಮಾಡ್ತಾನೆ, ಟಿವಿ ಒಡೆಯುತ್ತೆ. ಕೋರ್ಟು ಯಾರೂ ಹೇಳದ್ದನ್ನ ಮಾಡಿದೆ. ಜಸ್ಟಿಸ್ ಖಾನ್ ತಮ್ಮ ತೀರ್ಪಿನ ಶುರುವಿನಲ್ಲೇ ಬರೆದಿದ್ದಾರೆ, ಇದು 1500 ಚದರ ಗಜದ ಸಣ್ಣ ಜಾಗ, ದೇವತೆಗಳೂ ಕಾಲಿಡೋಕೆ ಹೆದರೋ ಜಾಗ, ತುಂಬ ನೆಲಬಾಂಬುಗಳಿವೆ ಅಂತ. ಆ ಸಾಲು ಓದಿ ಅವರ ಮೇಲೆ ಗೌರವವೇ ಬಂತು. ಅವರಿಗೂ ನಮ್ಮ ಹಾಗೇ ಹೆದರಿಕೆ ಇತ್ತು. ಆದರೆ ಹೆದರಿಕೆ ಇರೋ ಮನೆಯಲ್ಲಿ ಹಿರಿಯರು ಮಾಡೋ ಪಾಲು ಬೇರೆ, ಕೋರ್ಟು ಹೇಳೋ ನ್ಯಾಯ ಬೇರೆ ಅಲ್ವಾ? ಆಫೀಸಿನಲ್ಲಿ ಒಬ್ಬರು "ಎಲ್ಲರಿಗೂ ಏನೋ ಒಂದು ಸಿಕ್ತಲ್ಲ ಬಿಡಿ" ಅಂದರು. ಅವರು ಕೆಟ್ಟವರಲ್ಲ. ಗುರುವಾರ ರಾತ್ರಿ ನಾನೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದು.

ಸಿನಿಮಾದ ಕೊನೆ ಹೇಳಿಬಿಡ್ತೀನಿ, ಬೈಬೇಡ. ಅಲ್ಲೂ ಒಂದು ಕೋರ್ಟಿದೆ. ಚಿಟ್ಟಿಯನ್ನ ಕೆಡಿಸಿದವನು ಬೋರಾ ಅನ್ನೋ ಇನ್ನೊಬ್ಬ ವಿಜ್ಞಾನಿ ಅಂತ ಚಿಟ್ಟಿಯೇ ಸಾಕ್ಷಿ ತೋರಿಸ್ತಾನೆ. ವಸೀಗರನ್ ಬಿಡುಗಡೆ ಆಗ್ತಾನೆ. ಚಿಟ್ಟಿಯನ್ನ ಮಾತ್ರ ಬಿಚ್ಚಿಹಾಕಿ ಅಂತ ತೀರ್ಪಾಗುತ್ತೆ. ಅವನು ವಾದ ಮಾಡಲ್ಲ. ಎಲ್ಲರಿಗೂ ಹೋಗಿಬರ್ತೀನಿ ಅಂತ ಹೇಳಿ, ತನ್ನ ಕೈಯಾರೆ ತನ್ನ ಭಾಗಗಳನ್ನ ಒಂದೊಂದಾಗಿ ಬಿಚ್ಚಿ ಇಡ್ತಾನೆ. ಬೆಳಿಗ್ಗೆಯಿಂದ ಕೂಗಾಡ್ತಿದ್ದ ಥೇಟರು ತಣ್ಣಗಾಯಿತು. ಆಮೇಲೆ 2030ನೇ ಇಸವಿ, ಮ್ಯೂಸಿಯಂ. ಒಬ್ಬಳು ಶಾಲೆಯ ಹುಡುಗಿ ಇದನ್ನ ಯಾಕೆ ಬಿಚ್ಚಿಟ್ಟಿದ್ದಾರೆ ಅಂತ ಕೇಳ್ತಾಳೆ. ಯೋಚನೆ ಮಾಡೋಕೆ ಶುರು ಮಾಡಿದೆ, ಅದಕ್ಕೆ, ಅಂತಾನೆ ಚಿಟ್ಟಿ.

ನಾನು ಅತ್ತೆ ಕಣೋ. ರಜನಿ ಸಿನಿಮಾಕ್ಕೆ, ಒಂದು ಯಂತ್ರಕ್ಕೆ, ಕರ್ಚೀಪು ತೆಗೆದು ಮೂಗು ಒರೆಸಿಕೊಂಡೆ. ಅವನದು ಸರಿಯಾದ ತೀರ್ಪಾ ಅಂತ ಬಸ್ಸಿನಲ್ಲಿ ಮನೆವರೆಗೂ ಯೋಚಿಸ್ತಾ ಬಂದೆ. ಗುರುವಾರದ ತೀರ್ಪು ಸರಿಯಾ ಅಂತ ಗುರುವಾರ ಐದು ನಿಮಿಷವೂ ಯೋಚಿಸಿರಲಿಲ್ಲ. ಗಲಾಟೆ ಆಗುತ್ತಾ ಇಲ್ವಾ, ಅಷ್ಟೇ ನೋಡ್ತಾ ಕೂತಿದ್ದೆ. ಕಟ್ಟಡ ಇದ್ದಾಗ ಹಾಕಿದ ಕೇಸು, ತೀರ್ಪು ಬರೋ ಹೊತ್ತಿಗೆ ಕಟ್ಟಡವೇ ಇರಲಿಲ್ಲ. ಅದು ಎಲ್ಲಿ ಹೋಯಿತು ಅನ್ನೋದು ಬೇರೆ ಕೇಸಂತೆ. ನೀನು ಅಲ್ಲಿ ಫೋನ್ ಹಿಡಿದು ಕೂತು ಇದನ್ನೆಲ್ಲ ಯೋಚಿಸಿದ್ದೆ. ನಾನು ಇಲ್ಲಿ ಎರಡು ಪ್ಯಾಕೆಟ್ ಹಾಲು ಉಳಿಯಿತಲ್ಲ ಅಂತ ಖುಷಿಯಲ್ಲಿದ್ದೆ. ಕೇಸು ಸುಪ್ರೀಂ ಕೋರ್ಟಿಗೆ ಹೋಗುತ್ತೆ ಅಂತ ಈಗಲೇ ಎಲ್ಲರೂ ಹೇಳ್ತಿದ್ದಾರೆ. ಆಗಲೂ ಶಾಲೆಗೆ ರಜೆ ಕೊಡ್ತಾರೆ, ಆಗಲೂ ನಾನು ಹಾಲು ತರ್ತೀನಿ.

ಅಮ್ಮ ನಿನ್ನೆ ಕೇಳ್ತಿದ್ದಳು, ಈ ಸಲ ಗಣೇಶನ ಹಬ್ಬ, ರಂಜಾನ್ ಒಂದೇ ದಿನ ಬಂದಿದ್ದವಲ್ಲ, ನಿಮ್ಮ ಮನೆಯಿಂದ ಸುರಕುಂಬ ಬಂದ ಡಬ್ಬಿ ಇನ್ನೂ ಇಲ್ಲೇ ಇದೆ, ಬರಿ ಡಬ್ಬಿ ಹೇಗೆ ವಾಪಸ್ ಕೊಡೋದು ಅಂತ. ದಸರಾ ರಜೆಗೆ ಊರಿಗೆ ಹೋದಾಗ ಏನಾದರೂ ಹಾಕಿ ಕೊಟ್ಟು ಬರ್ತೀನಿ. ಎರಡು ಪ್ಯಾಂಟು ಸೊಂಟ ಬಿಡಿಸೋದೂ ಇದೆ, ಚಾಚಾ ಬೈತಾರೆ.

ಸಿನಿಮಾ ಅಲ್ಲೂ ಬಂದಿರಬೇಕು, ನೋಡು. ನೋಡಿ ಫೋನ್ ಮಾಡು. ಆಮೇಲೆ, ಗುರುವಾರ ರಾತ್ರಿ ಕೇಳಿದೆಯಲ್ಲ, ಅದನ್ನ ಇನ್ನೊಂದು ಸಲ ಕೇಳು.

ನಿನ್ನ,
ಹಳೇ ಬೆಂಚಿನವನು