ಗೆಳೆಯನಿಗೊಂದು ಪತ್ರ: ದುರ್ಯೋಧನನ ತೊಡೆ ಮತ್ತು ನಮ್ಮ ಸಿನಿಮಾ ಜಗಳ

ತುಮಕೂರು

ಪ್ರೀತಿಯ ಗೆಳೆಯ,

ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಮನೆಯವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಕಳೆದ ಭಾನುವಾರ ಅಮಾನಿಕೆರೆಯ ಏರಿಯ ಮೇಲೆ ನಡೆಯುತ್ತ ಶುರುವಾದ ನಮ್ಮ ಮಾತು ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಣ್ಣಗಾಗುವವರೆಗೂ ಮುಂದುವರಿದು, ಕೊನೆಗೆ ನೀನು ಕಾಫಿಯನ್ನೂ ಕುಡಿಯದೆ ಬೆಂಗಳೂರಿನ ಬಸ್ಸು ಹತ್ತಿದೆ. ಸೂಪರ್‌ಹೀರೋ ಚಿತ್ರಗಳು ಸಿನಿಮಾವೇ ಅಲ್ಲ ಎಂದು ನಾನು ಅಂದಾಗ ನಿನಗೆ ನೋವಾಯಿತೆಂಬುದು ನಿನ್ನ ಮುಖ ನೋಡಿಯೇ ತಿಳಿಯಿತು. ಆ ಮಾತಿನಲ್ಲಿ ಎಷ್ಟನ್ನು ಹಿಂದಕ್ಕೆ ಪಡೆಯುತ್ತೇನೆ, ಎಷ್ಟನ್ನು ಪಡೆಯುವುದಿಲ್ಲ ಎಂಬುದನ್ನು ಬರೆದೇ ತಿಳಿಸಬೇಕೆನಿಸಿತು. ಅಂದು ಮೇಜಿನ ಸುತ್ತ ಕುಳಿತಿದ್ದ ಉಳಿದವರೂ ಓದಲೆಂದು ಇದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನಗೆ ಒಪ್ಪಿಗೆಯಿದೆ ಎಂದುಕೊಂಡಿದ್ದೇನೆ.

ಆ ಮಾತನ್ನು ನಾನು ಎರವಲು ತಂದಿದ್ದೆ. 2019ರಲ್ಲಿ ಅಮೆರಿಕದ ಹಿರಿಯ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಒಂದು ಸಂದರ್ಶನದಲ್ಲಿ, ಮಾರ್ವೆಲ್ ಸಂಸ್ಥೆಯ ಸೂಪರ್‌ಹೀರೋ ಚಿತ್ರಗಳು ಸಿನಿಮಾವಲ್ಲ, ಅವು ಥೀಮ್ ಪಾರ್ಕುಗಳಿಗೆ ಹತ್ತಿರವಾದವು ಎಂದರು. ಗದ್ದಲವೆದ್ದ ಮೇಲೆ ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಲೇಖನ ಬರೆದು ತಮ್ಮ ಮಾತನ್ನು ಬಿಡಿಸಿ ಹೇಳಿದರು. ನಾನು ಸಂದರ್ಶನದ ಒಂದು ಸಾಲನ್ನು ಹಿಡಿದುಕೊಂಡು ಲೇಖನವನ್ನು ಮರೆತೆ, ಅದು ತಪ್ಪು. ಆ ಚಿತ್ರಗಳಲ್ಲಿ ದುಡಿಯುವವರ ಪ್ರತಿಭೆಯನ್ನು ಅವರು ಅಲ್ಲಿ ಒಪ್ಪಿಕೊಂಡಿದ್ದಾರೆ. ಅವರ ದೂರು ಎರಡು ಬಗೆಯದು: ಆ ಕತೆಗಳಲ್ಲಿ ನಿಜವಾಗಿ ಏನೂ ಅಪಾಯಕ್ಕೆ ಸಿಕ್ಕುವುದಿಲ್ಲ ಎಂಬುದು ಒಂದು, ಬೇರೆ ಬಗೆಯ ಚಿತ್ರಗಳಿಗೆ ದೊಡ್ಡ ತೆರೆಯ ಮೇಲೆ ಜಾಗವೇ ಉಳಿಯುತ್ತಿಲ್ಲ ಎಂಬುದು ಇನ್ನೊಂದು. ಈ ಎರಡರಲ್ಲಿ ಮೊದಲನೆಯದೇ ವಾರವಿಡೀ ನನ್ನ ತಲೆಯಲ್ಲಿ ಕುಳಿತಿತ್ತು.

ನೀನು ಪ್ರಶಸ್ತಿಗಳ ಸಾಕ್ಷಿ ತಂದೆ. ಬ್ಯಾಟ್‌ಮನ್ ಕತೆಯ ಖಳನಾಗಿ ನಟಿಸಿದ ಹೀತ್ ಲೆಡ್ಜರ್‌ಗೆ ಮರಣಾನಂತರ 2009ರಲ್ಲಿ ಆಸ್ಕರ್ ಬಂದದ್ದು, 2018ರ ‘ಬ್ಲ್ಯಾಕ್ ಪ್ಯಾಂಥರ್’ ಮೂರು ಆಸ್ಕರ್ ಗೆದ್ದದ್ದು, 2019ರಲ್ಲಿ ‘ಜೋಕರ್’ಗೆ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಸಿಕ್ಕಿದ್ದು, ಎಲ್ಲವೂ ನಿಜ. ಆದರೆ ‘ಜೋಕರ್’ ನಿನ್ನ ಪಕ್ಷದ ಸಾಕ್ಷಿಯಲ್ಲ. ಅದರಲ್ಲಿ ಯಾರೂ ಹಾರುವುದಿಲ್ಲ, ಯಾರಿಗೂ ವಿಶೇಷ ಶಕ್ತಿಯಿಲ್ಲ. ಕಾಮಿಕ್ಸಿನಿಂದ ಹೆಸರೊಂದನ್ನು ಎತ್ತಿಕೊಂಡು, ನಗರವೊಂದರ ಅನಾದರಕ್ಕೆ ಸಿಕ್ಕ ಮನುಷ್ಯನ ಕತೆಯನ್ನು ಅದು ಹೇಳುತ್ತದೆ. ಅದು ಗಂಭೀರ ಚಿತ್ರವೇ, ವೇಷ ಮಾತ್ರ ಬೇರೆ. ಆದ್ದರಿಂದ ಪ್ರಶಸ್ತಿಗಳನ್ನು ಪಕ್ಕಕ್ಕಿಡೋಣ.

ನನ್ನ ಮನಸ್ಸನ್ನು ಅಲುಗಿಸಿದ್ದು ನಿನ್ನ ಇನ್ನೊಂದು ಮಾತು. ‘ನಿಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದು ಕುರುಕ್ಷೇತ್ರ ಆಡಿಸಿದರಲ್ಲ, ಅದನ್ನು ನೀನು ನಾಟಕವಲ್ಲ ಅನ್ನುತ್ತೀಯಾ?’ ಎಂದು ಕೇಳಿದೆ. ನನಗೆ ಉತ್ತರ ತೋಚಲಿಲ್ಲ. 1884ರಲ್ಲಿ ಹುಟ್ಟಿದ ಆ ಗುಬ್ಬಿ ನಾಟಕ ಕಂಪನಿಯ ವೈಭವವನ್ನು ಹೆಮ್ಮೆಯಿಂದ ಹೇಳಿಕೊಂಡೇ ಬೆಳೆದವನು ನಾನು. ಆನೆಯನ್ನು ನೋಡಲು ಬಂದ ಜನ ಕರ್ಣನಿಗಾಗಿ ಅತ್ತು ಮನೆಗೆ ಹೋಗುತ್ತಿದ್ದರೆಂದರೆ, ಆನೆ ಅಳುವಿಗೆ ಅಡ್ಡ ಬಂದಿತೆಂದು ಹೇಳುವುದು ಹೇಗೆ? ಅಬ್ಬರವೇ ಕಲೆಯ ಶತ್ರು ಎಂಬ ನನ್ನ ವಾದ ಅಲ್ಲಿಗೇ ಮುರಿಯಿತು, ಅದನ್ನು ಹಿಂದಕ್ಕೆ ಪಡೆದಿದ್ದೇನೆ.

ಉತ್ತರ ಹುಡುಕುತ್ತಿದ್ದಾಗ ನೆನಪಾದದ್ದು ನಮ್ಮ ಸೋದರಮಾವ. ಊರಿನಲ್ಲಿ ಪೌರಾಣಿಕ ನಾಟಕ ಆಡಿದಾಗಲೆಲ್ಲ ಅವರೇ ದುರ್ಯೋಧನ. ನಮ್ಮ ಕಡೆ ಪಾತ್ರಧಾರಿಗಳೇ ಪಾತ್ರಕ್ಕೆ ಹಣ ಕಟ್ಟುವುದು ನಿನಗೆ ಗೊತ್ತೇ ಇದೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ರಾಗಿ ಮಾರಿದ ದುಡ್ಡಿನಲ್ಲಿ ಒಂದಷ್ಟನ್ನು ಅತ್ತೆಗೆ ಹೇಳದೆ ಎತ್ತಿಟ್ಟು, ತಿಂಗಳುಗಟ್ಟಲೆ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯಗಳನ್ನು ಕಲಿತು, ಬಾಡಿಗೆಗೆ ತಂದ ಸೀನರಿಯ ಎದುರು ಗದೆ ಹೊತ್ತು ಅವರು ನಿಂತರೆ ಮೈಕೂ ಬೇಕಿರಲಿಲ್ಲ. ಮೊದಲ ಪ್ರವೇಶದಲ್ಲಿ ನೆಂಟರೆಲ್ಲ ರಂಗದ ಮೇಲೆ ಹತ್ತಿ ಹಾರ ಹಾಕುತ್ತಿದ್ದರು, ಹಿಂದಿನಿಂದ ‘ಒನ್ಸ್ ಮೋರ್’ ಕೂಗು ಏಳುತ್ತಿತ್ತು. ಗಾಂಧಾರಿ ಕಣ್ಣಿನ ಪಟ್ಟಿ ಬಿಚ್ಚಿ ನೋಡಿದ್ದರಿಂದ ದುರ್ಯೋಧನನ ಮೈಯೆಲ್ಲ ವಜ್ರವಾಯಿತು, ಮುಚ್ಚಿಕೊಂಡಿದ್ದ ತೊಡೆ ಮಾತ್ರ ಮಾಂಸವಾಗಿಯೇ ಉಳಿಯಿತು ಎಂಬ ಕತೆಯನ್ನು ನಾನು ಅಜ್ಜಿಯ ಬಾಯಿಂದ ಕೇಳಿದ್ದೆ. ಆ ತೊಡೆಗೆ ಭೀಮನ ಗದೆ ಬೀಳುವ ಹೊತ್ತಿಗೆ ಬೆಳಗಿನ ಜಾವವಾಗಿರುತ್ತಿತ್ತು. ರಾತ್ರಿಯಿಡೀ ಶಿಳ್ಳೆ ಹೊಡೆದವರೇ ಆಗ ಕಂಬಳಿಯೊಳಗೆ ಮೌನವಾಗಿ ಕುಳಿತಿರುತ್ತಿದ್ದರು. ಮಾವ ನೆಲಕ್ಕೆ ಬಿದ್ದ ಮೇಲೆ ಯಾರೂ ‘ಒನ್ಸ್ ಮೋರ್’ ಅನ್ನುತ್ತಿರಲಿಲ್ಲ.

ಇದನ್ನೇ ನಾನು ಅಂದು ಹೇಳಬೇಕಾಗಿತ್ತು, ಹೇಳಲು ಬರಲಿಲ್ಲ. ವಜ್ರದ ಮೈ ಇರುವವನ ಕತೆಯನ್ನು ನಮ್ಮ ಜನ ನೂರಾರು ವರ್ಷಗಳಿಂದ ನೋಡುತ್ತ ಬಂದಿದ್ದಾರೆ, ಆದ್ದರಿಂದ ಶಕ್ತಿವಂತರ ಕತೆ ಮಕ್ಕಳಾಟವೆಂದು ನಾನು ಹೇಳಲಾರೆ. ಆದರೆ ಆ ಕತೆ ನಿಲ್ಲುವುದು ತೊಡೆಯ ಮೇಲೆ. ತೊಡೆ ಮುರಿದರೆ ಮುರಿದದ್ದೇ, ಮುಂದಿನ ಭಾಗದಲ್ಲಿ ಅದು ಕೂಡಿಕೊಳ್ಳುವುದಿಲ್ಲ.

ಮಾರ್ವೆಲ್‌ನ 2018ರ ‘ಇನ್ಫಿನಿಟಿ ವಾರ್’ ಚಿತ್ರವನ್ನು ನಾವಿಬ್ಬರೂ ಒಟ್ಟಿಗೆ ನೋಡಿದ್ದು ನೆನಪಿರಬೇಕು. ಜೀವಕೋಟಿಯಲ್ಲಿ ಅರ್ಧದಷ್ಟು ಬೂದಿಯಾಗಿ ಕರಗಿ, ಎಳೆಯ ಸ್ಪೈಡರ್‌ಮನ್ ತನ್ನ ಗುರುವಿನ ತೋಳಿನಲ್ಲಿ ಮಾಯವಾದಾಗ ನಮ್ಮ ಮುಂದಿನ ಸಾಲಿನ ಹುಡುಗನೊಬ್ಬ ಬಿಕ್ಕಿ ಅತ್ತ. ಆ ಹುಡುಗನ ಅಳು ಸುಳ್ಳಲ್ಲ, ನನ್ನ ಗಂಟಲೂ ಕಟ್ಟಿತ್ತು. ಆದರೆ ಹೊರಗೆ ಬಂದ ಕೂಡಲೇ ನೀನೇ ಹೇಳಿದೆ: ‘ಚಿಂತೆ ಮಾಡಬೇಡ, ಅವನ ಮುಂದಿನ ಚಿತ್ರ ಆಗಲೇ ಗೊತ್ತಾಗಿದೆ.’ ಮರುವರ್ಷದ ಚಿತ್ರದಲ್ಲಿ ಅವರೆಲ್ಲ ತಿರುಗಿ ಬಂದರು. ಆ ಹುಡುಗನಿಂದ ಪಡೆದ ಕಣ್ಣೀರನ್ನು ಚಿತ್ರ ಉಳಿಸಿಕೊಳ್ಳಲಿಲ್ಲ ಎಂಬುದೇ ನನ್ನ ಸಿಟ್ಟು. ಅದೇ ಚಿತ್ರದಲ್ಲಿ ಆ ಗುರು, ಅಂದರೆ ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್, ಸತ್ತಾಗ ಮಾತ್ರ ಸಾವು ಸಾವಾಗಿಯೇ ಇತ್ತು, ಅದಕ್ಕೇ ನೀನಿನ್ನೂ ಆ ದೃಶ್ಯವನ್ನು ಹೇಳುತ್ತೀಯೆ. ಈಗ ಅದೇ ನಟ ಬೇರೊಂದು ಪಾತ್ರದಲ್ಲಿ ಆ ಸರಣಿಗೆ ಮರಳುವುದಾಗಿ 2024ರಲ್ಲಿ ಘೋಷಣೆಯಾಗಿದೆ. ಪಾತ್ರ ಬೇರೆಯೆಂಬುದನ್ನು ಒಪ್ಪುತ್ತೇನೆ, ಆದರೂ ನನಗೆ ಕಸಿವಿಸಿಯಾಗುತ್ತದೆ.

ನೀನು ಒತ್ತಾಯ ಮಾಡಿದ್ದರಿಂದ 2021ರ ಮಲಯಾಳಂ ಚಿತ್ರ ‘ಮಿನ್ನಲ್ ಮುರಳಿ’ಯನ್ನು ಬುಧವಾರ ರಾತ್ರಿ ನೋಡಿದೆ. ಒಂದೇ ಸಿಡಿಲು ಊರಿನ ಇಬ್ಬರಿಗೆ ಬಡಿಯುತ್ತದೆ. ಒಬ್ಬ ದರ್ಜಿ, ಇನ್ನೊಬ್ಬ ಚಹಾ ಅಂಗಡಿಯಲ್ಲಿ ದುಡಿಯುವ, ಊರವರ ಕಣ್ಣಿಗೆ ಹುಚ್ಚನಾದವನು. ಆ ಎರಡನೆಯವನು ಎಷ್ಟೋ ವರ್ಷ ಒಬ್ಬಳಿಗಾಗಿ ಕಾದು, ಕೊನೆಗೂ ಅವಳು ಸಿಕ್ಕಳೆಂದುಕೊಂಡಾಗಲೇ ಕಳೆದುಕೊಳ್ಳುವುದನ್ನು ನೋಡಿ ನನಗೆ ನಮ್ಮ ಮಾವನ ದುರ್ಯೋಧನ ನೆನಪಾದ. ಅವನಿಗೆ ಬಂದ ಶಕ್ತಿಯಿಂದ ಎಲ್ಲವನ್ನೂ ಸುಡಬಹುದು, ಬೇಕಾದ ಒಂದನ್ನು ಮಾತ್ರ ಪಡೆಯಲಾಗದು. ಹಾರುವ ಮನುಷ್ಯರ ಚಿತ್ರದಲ್ಲೂ ತೊಡೆ ಇರಬಲ್ಲದೆಂದು ನೀನು ತೋರಿಸಿಕೊಟ್ಟೆ. ಈ ಚಿತ್ರಕ್ಕಾಗಿ ನಿನಗೆ ಋಣಿ.

ಇನ್ನು ನೀನು ‘ಅವಾರ್ಡ್ ಸಿನಿಮಾ’ ಎಂದು ತಳ್ಳಿಹಾಕಿದ್ದರ ಬಗ್ಗೆ. ನಿಧಾನವಾಗಿರುವುದೆಲ್ಲ ಆಳವೆಂದು ನಾನೂ ನಂಬುವುದಿಲ್ಲ. ಮಳೆಯನ್ನೂ ಮುರುಕು ಬಾಗಿಲನ್ನೂ ಬಹಳ ಹೊತ್ತು ತೋರಿಸಿ, ಮನುಷ್ಯರನ್ನು ತೋರಿಸಲು ಮರೆತ ಚಿತ್ರಗಳನ್ನು ನಾನು ನೋಡಿದ್ದೇನೆ, ಅವುಗಳ ಪರವಾಗಿ ನಾನು ನಿಲ್ಲುವುದಿಲ್ಲ. ನಾನು ಹೇಳುತ್ತಿರುವುದು ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದಂಥ ಚಿತ್ರವನ್ನು ಕುರಿತು. ವಿಧವೆ ಯಮುನೆ ಬಸಿರಾದದ್ದಕ್ಕೆ, ಆಕೆ ಬದುಕಿರುವಾಗಲೇ ಆಕೆಯ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಅಪ್ಪನ ಜೊತೆ ಊರು ಬಿಟ್ಟು ಹೊರಟ ಪುಟ್ಟ ನಾಣಿ, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತ ಆಕೆಯನ್ನು ನೋಡುತ್ತಾನೆ, ಏನೂ ಮಾಡಲಾರ. ಅಲ್ಲಿ ಗದೆಯಿಲ್ಲ, ಆನೆಯಿಲ್ಲ, ಆದರೆ ಏನೂ ಮಾಡಲಾಗದ ಆ ಮಗುವಿನ ನೋಟ ನನ್ನನ್ನು ಇಪ್ಪತ್ತು ವರ್ಷಗಳಿಂದ ಬಿಟ್ಟಿಲ್ಲ. ಯಮುನೆಯನ್ನು ಮರಳಿ ತರುವ ಮುಂದಿನ ಭಾಗ ಯಾರ ಬಳಿಯೂ ಇಲ್ಲ.

ಆ ಚಿತ್ರಕ್ಕೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದವರು ಬಿ. ವಿ. ಕಾರಂತರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬಂದು ಅವರು ಸೇರಿದ್ದು ಇದೇ ಗುಬ್ಬಿ ಕಂಪನಿಯನ್ನು. ಅವರನ್ನು ಕಾಶಿಗೆ ಓದಲು ಕಳುಹಿಸಿದವರೂ ವೀರಣ್ಣನವರೇ. ಆನೆ ಕುದುರೆಗಳ ರಂಗದಲ್ಲಿ ಬೆಳೆದ ಆ ಹುಡುಗನೇ ಮುಂದೆ, 1975ರಲ್ಲಿ, ‘ಚೋಮನ ದುಡಿ’ಯನ್ನು ನಿರ್ದೇಶಿಸಿ, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ತಂದರು. ಇನ್ನೂ ಒಂದು ಸಂಗತಿಯನ್ನು ನೀನು ಕೇಳಲೇಬೇಕು. ‘ಘಟಶ್ರಾದ್ಧ’ದ ಹಳೆಯ ಪ್ರತಿಯನ್ನು ದುರಸ್ತಿಪಡಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ದರ ಹಿಂದೆ ಇದ್ದದ್ದು ಸ್ಕಾರ್ಸೆಸಿ ಕಟ್ಟಿದ ಪ್ರತಿಷ್ಠಾನ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್. ಅದಕ್ಕೆ ಹಣ ಒದಗಿಸಿದ್ದು, ‘ಸ್ಟಾರ್ ವಾರ್ಸ್’ ಸೃಷ್ಟಿಸಿದ ಜಾರ್ಜ್ ಲ್ಯೂಕಸ್ ಅವರ ಕುಟುಂಬದ ಪ್ರತಿಷ್ಠಾನ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮಿಬ್ಬರ ಜಗಳದ ಎರಡೂ ಪಕ್ಷಗಳು ಯಮುನೆಯನ್ನು ಉಳಿಸಲು ಒಟ್ಟಿಗೆ ಕೈ ಹಾಕಿದ್ದವು.

ಸ್ಕಾರ್ಸೆಸಿಯವರ ಎರಡನೆಯ ದೂರನ್ನು ಮಾತ್ರ ನಾನು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಹೋದ ವರ್ಷ ಒಂದು ಒಳ್ಳೆಯ ಕನ್ನಡ ಚಿತ್ರಕ್ಕೆ ನಮ್ಮೂರಿನಲ್ಲಿ ಸಿಕ್ಕಿದ್ದು ದಿನಕ್ಕೆ ಒಂದೇ ಬೆಳಗಿನ ಆಟ. ಕೆಲಸಕ್ಕೆ ಹೋಗುವವನು ಹತ್ತೂವರೆಗೆ ಥಿಯೇಟರಿಗೆ ಹೋಗುವುದು ಹೇಗೆ? ಭಾನುವಾರಕ್ಕೆಂದು ಕಾದಿದ್ದೆ, ಶುಕ್ರವಾರವೇ ಅದನ್ನು ತೆಗೆದು, ಆ ಹೊತ್ತಿನ ಆಟವನ್ನೂ ವಿದೇಶದ ದೊಡ್ಡ ಚಿತ್ರವೊಂದಕ್ಕೆ ಕೊಟ್ಟಿದ್ದರು. ಜನ ಬರುವುದಿಲ್ಲವೆಂದು ತೆಗೆಯುತ್ತಾರೆ, ತೆಗೆಯುವುದರಿಂದ ಜನ ಬರುವುದಿಲ್ಲ. ನಿನ್ನ ನಾಯಕರನ್ನು ನಾನು ದ್ವೇಷಿಸುವುದಿಲ್ಲ, ಅವರ ಪಕ್ಕದಲ್ಲಿ ಸಂಜೆಯ ಒಂದು ಆಟದಷ್ಟು ಜಾಗ ಕೇಳುತ್ತಿದ್ದೇನೆ.

ಊರ ಹಬ್ಬಕ್ಕೆ ಈ ವರ್ಷವೂ ನಾಟಕವಿದೆ. ಮಾವನಿಗೆ ಈಗ ಅರವತ್ತೆಂಟು. ಮಂಡಿ ನೋವೆಂದು ಅತ್ತೆ ಬೇಡವೆಂದರೂ ದುರ್ಯೋಧನನ ಪಾತ್ರಕ್ಕೆ ಹಣ ಕಟ್ಟಿ ಬಂದಿದ್ದಾರೆ. ಶನಿವಾರ ಸಂಜೆಯೇ ಬಂದುಬಿಡು, ಮಗಳನ್ನೂ ಕರೆದುಕೊಂಡು ಬಾ. ಅವಳು ಮಧ್ಯೆ ನಿದ್ದೆ ಮಾಡಲಿ, ಪರವಾಗಿಲ್ಲ, ಗದಾಯುದ್ಧದ ಹೊತ್ತಿಗೆ ನಾನೇ ಎಬ್ಬಿಸುತ್ತೇನೆ. ಬೆಳಗಿನ ಜಾವ ಚಳಿ ಹೆಚ್ಚು, ಒಂದು ಕಂಬಳಿ ಜೊತೆಗಿರಲಿ.

ಇಂತಿ ನಿನ್ನ ಗೆಳೆಯ