ಕೀಸ್ಲೋವ್‌ಸ್ಕಿಯ ಸಾಕ್ಷ್ಯಚಿತ್ರಗಳನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಪೋಲೆಂಡಿನ ನಿರ್ದೇಶಕ ಕ್ರಿಸ್ಟೋಫ್ ಕೀಸ್ಲೋವ್‌ಸ್ಕಿ (1941–1996) ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ‘ಬ್ಲೂ’, ‘ವೈಟ್’, ‘ರೆಡ್’ ಅಷ್ಟೇ. ಹೆಚ್ಚೆಂದರೆ ಟಿ.ವಿ. ಸರಣಿ ‘ಡೆಕಲಾಗ್’ನ ಒಂದೆರಡು ಕಂತು. 1980ರವರೆಗೆ ಅವರು ಮುಖ್ಯವಾಗಿ ಮಾಡಿದ್ದು ಸಾಕ್ಷ್ಯಚಿತ್ರಗಳನ್ನು. ಅವನ್ನು ಕಲಿಕೆಯ ಕಾಲದ ಕೆಲಸವೆಂದು ಬದಿಗಿಡುವುದು ದೊಡ್ಡ ತಪ್ಪು.

1976ರ ‘ಹಾಸ್ಪಿಟಲ್’ ನೋಡಿ. 32 ಗಂಟೆಗಳ ಪಾಳಿಯಲ್ಲಿ ದುಡಿಯುವ ಶಸ್ತ್ರವೈದ್ಯರು. ವಿವರಿಸುವ ದನಿಯೇ ಇಲ್ಲ. ಮುರಿದ ಮೂಳೆಗೆ ಮೊಳೆ ಬಡಿಯುತ್ತಿರುವಾಗ ಸುತ್ತಿಗೆಯೇ ಮುರಿಯುತ್ತದೆ. ಸರ್ಕಾರವನ್ನು ಒಂದು ಮಾತೂ ಬೈಯದೆ ಆ ಕಾಲದ ಪೋಲೆಂಡಿನ ಸ್ಥಿತಿ ಎದುರಿಗೆ ಬಂದು ನಿಲ್ಲುತ್ತದೆ.

ವಸ್ತುವೊಂದನ್ನು ಹೀಗೆ ತಾಳ್ಮೆಯಿಂದ ನೋಡುವ ಗುಣವೇ ಮುಂದೆ ಕಥಾಚಿತ್ರಗಳಿಗೂ ಬಂತು. ‘ಬ್ಲೂ’ನಲ್ಲಿ ಶುಗರ್ ಕ್ಯೂಬ್ ಕಾಫಿ ಹೀರುವ ಶಾಟ್ ಇದೆಯಲ್ಲ, ಆ ಕ್ಯೂಬ್ ಸುಮಾರು 5 ಸೆಕೆಂಡಿನಲ್ಲಿ ಪೂರ್ತಿ ನೆನೆಯಬೇಕಿತ್ತು. 8 ಸೆಕೆಂಡಾದರೆ ಪ್ರೇಕ್ಷಕರಿಗೆ ಬೇಸರ. ಸರಿಯಾದುದು ಸಿಗುವವರೆಗೆ ಸಹಾಯಕರೊಬ್ಬರು ಅರ್ಧ ದಿನ ಬಗೆಬಗೆಯ ಕ್ಯೂಬ್‌ಗಳನ್ನು ಅದ್ದಿ ನೋಡಿದ್ದರು. ಗಂಡ, ಮಗಳನ್ನು ಕಳೆದುಕೊಂಡ ನಾಯಕಿಗೆ ತನ್ನ ಬೆರಳ ತುದಿಯಾಚೆ ಇನ್ನೇನೂ ಬೇಡವಾಗಿದೆ ಎಂಬುದನ್ನು ಆ ಸಕ್ಕರೆ ತುಂಡು ಹೇಳುತ್ತದೆ.

ಸಾಕ್ಷ್ಯಚಿತ್ರದಿಂದ ಅವರು ದೂರವಾದದ್ದಕ್ಕೂ ಕಾರಣವಿದೆ. ವಾರ್ಸಾದ ರೈಲು ನಿಲ್ದಾಣದಲ್ಲಿ ‘ಸ್ಟೇಷನ್’ (1980) ಚಿತ್ರೀಕರಿಸುವಾಗ, ಕೊಲೆ ಆರೋಪಿಯೊಬ್ಬಳ ಸುಳಿವು ಸಿಗಬಹುದೆಂದು ಪೊಲೀಸರು ರೀಲುಗಳನ್ನು ಒಯ್ದರು. ಅವಳು ಅದರಲ್ಲಿ ಇರಲಿಲ್ಲ. ಇದ್ದಿದ್ದರೆ? ತನ್ನ ಕ್ಯಾಮೆರಾ ತನಗೇ ಗೊತ್ತಿಲ್ಲದೆ ಪೊಲೀಸರ ಕಣ್ಣಾಗಬಹುದು ಎಂಬುದು ಅವರನ್ನು ಬಿಡದೆ ಕಾಡಿತು. ‘ರೆಡ್’ನಲ್ಲಿ ನೆರೆಯವರ ಫೋನ್ ಮಾತನ್ನು ಕದ್ದು ಕೇಳುವ ನಿವೃತ್ತ ನ್ಯಾಯಾಧೀಶನನ್ನು ಇದಾದ ಮೇಲೆ ನೋಡಿದರೆ ಅವನು ಬೇರೆಯೇ ಆಗಿ ಕಾಣುತ್ತಾನೆ.

ಆದ್ದರಿಂದ ಚಿತ್ರಸಮಾಜದವರಲ್ಲಿ ಒಂದು ಕೋರಿಕೆ: ಪ್ರತಿ ಕಥಾಚಿತ್ರಕ್ಕೂ ಮೊದಲು ಒಂದು ಸಾಕ್ಷ್ಯಚಿತ್ರ ಹಾಕಿ. ‘ರೆಡ್’ಗೆ ಮುಂಚೆ ‘ಸ್ಟೇಷನ್’, ‘ಡೆಕಲಾಗ್’ಗೆ ಮುಂಚೆ ‘ಟಾಕಿಂಗ್ ಹೆಡ್ಸ್’. ಈ ಎರಡು ಸಾಕ್ಷ್ಯಚಿತ್ರಗಳೂ ಹದಿನೈದು ನಿಮಿಷದ ಆಸುಪಾಸಿನವು.

ಪ್ರದರ್ಶನದಲ್ಲಿ ಆಗಾಗ ಎಡವುವ ಎರಡು ಕಡೆ ಇವೆ. ‘ಡೆಕಲಾಗ್’ ಟಿ.ವಿ.ಗಾಗಿ 4:3 (ಅಗಲ 4, ಎತ್ತರ 3) ಚೌಕಟ್ಟಿನಲ್ಲಿ ತೆಗೆದದ್ದು. ಪ್ರೊಜೆಕ್ಟರ್ ಅದನ್ನು ಅಗಲ ಪರದೆ ತುಂಬ ಎಳೆದರೆ ಮುಖಗಳೆಲ್ಲ ಚಪ್ಪಟೆ. ಎರಡು ಬದಿಗೆ ಕಪ್ಪು ಪಟ್ಟಿ ಉಳಿದರೇ ಸರಿ. ಇನ್ನು ‘ಎ ಶಾರ್ಟ್ ಫಿಲಂ ಅಬೌಟ್ ಕಿಲ್ಲಿಂಗ್’ (1988) ಹಸಿರು ಹಸಿರಾಗಿ, ಅಂಚುಗಳಲ್ಲಿ ಕತ್ತಲಾಗಿ ಕಾಣುತ್ತದೆ. ಅದು ಕೆಟ್ಟ ಪ್ರಿಂಟ್ ಅಲ್ಲ, ಛಾಯಾಗ್ರಾಹಕ ಸ್ವಾವೊಮಿರ್ ಇಜಿಯಾಕ್ ಫಿಲ್ಟರ್ ಹಾಕಿ ಬೇಕೆಂದೇ ತಂದ ಬಣ್ಣ. ದಯವಿಟ್ಟು ‘ಸರಿ’ಪಡಿಸಬೇಡಿ.

‘ಟಾಕಿಂಗ್ ಹೆಡ್ಸ್’ನಲ್ಲಿ ಎಲ್ಲರಿಗೂ ಕೇಳುವುದು ಅವೇ ಪ್ರಶ್ನೆಗಳು: ಹುಟ್ಟಿದ್ದು ಯಾವಾಗ, ನೀವು ಯಾರು, ನಿಮಗೆ ಏನು ಬೇಕು? ಪುಟ್ಟ ಮಗುವಿನಿಂದ ಶುರುವಾಗಿ ವಯಸ್ಸಿನ ಕ್ರಮದಲ್ಲಿ ಉತ್ತರಗಳು ಬೇಗಬೇಗನೆ ಬರುತ್ತವೆ, ಸಬ್‌ಟೈಟಲ್ ಓದುವಷ್ಟರಲ್ಲಿ ಮುಖ ಬದಲಾಗಿರುತ್ತದೆ. ಪ್ರಶ್ನೆಗಳನ್ನು ಮೊದಲೇ ಕನ್ನಡದಲ್ಲಿ ಹೇಳಿಬಿಡಿ. ಆಗ ಇನ್ನಷ್ಟು ದಿನ ಬದುಕಬೇಕು ಎನ್ನುವ ನೂರು ವರ್ಷದ ಅಜ್ಜಿಯ ಮುಖವನ್ನು ಎಲ್ಲರೂ ಕಣ್ತುಂಬ ನೋಡಬಹುದು.

– ಚಿತ್ರಸಮಾಜದ ಸದಸ್ಯರೊಬ್ಬರು, ಶಿವಮೊಗ್ಗ