ಗುಡ್ಡದ ಸುತ್ತು ದಾರಿಯ ನಡಿಗೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೆ,

ನಮಸ್ಕಾರ. ಏಪ್ರಿಲ್ ತಿಂಗಳ ಎರಡನೆಯ ಭಾನುವಾರ ನಮ್ಮ ಕನ್ನಡ ಶಾಲೆಯ ನಾಲ್ಕು ಮತ್ತು ಐದನೆಯ ಹಂತದ ಮಕ್ಕಳಿಗೆ ಕೊಠಡಿಯಲ್ಲಿ ಪಾಠವಿರುವುದಿಲ್ಲ. ಅಂದು ಅವರನ್ನು ಕ್ಯಾಲಿಫೋರ್ನಿಯಾದ ಕ್ಯೂಪರ್ಟಿನೊ ಪಕ್ಕದ ರಾಂಚೊ ಸ್ಯಾನ್ ಆಂಟೋನಿಯೊ ಗುಡ್ಡಗಳಿಗೆ ಕರೆದೊಯ್ದು, ವೈಲ್ಡ್‌ಕ್ಯಾಟ್ ಲೂಪ್ ಎಂಬ ಸುತ್ತು ದಾರಿಯಲ್ಲಿ ನಡೆಸಬೇಕೆಂದು ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಕಾರು ನಿಲ್ಲಿಸುವ ಜಾಗದಿಂದ ಹೊರಟು ಅಲ್ಲಿಗೇ ಮರಳಲು ನಾಲ್ಕೈದು ಮೈಲಿ ಆಗುತ್ತದೆ.

ಈ ಯೋಚನೆ ಹುಟ್ಟಿದ್ದು ನನ್ನದೇ ಒಂದು ತಪ್ಪಿನಿಂದ. ಕಳೆದ ಚಳಿಗಾಲದ ಕಿರುಪರೀಕ್ಷೆಯಲ್ಲಿ "ಮಳೆಗಾಲ ಯಾವಾಗ ಆರಂಭವಾಗುತ್ತದೆ?" ಎಂಬ ಪ್ರಶ್ನೆಗೆ ಒಬ್ಬ ಹುಡುಗ "ನವೆಂಬರ್" ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು "ಜೂನ್" ಎಂದು ತಿದ್ದಿದೆ. ಅವನು ಹಾಳೆ ಹಿಡಿದು ಬಂದು, "ಟೀಚರ್, ಜೂನ್‌ನಲ್ಲಿ ನಮ್ಮ ಗುಡ್ಡ ಎಲ್ಲ ಒಣಗಿರತ್ತಲ್ಲ?" ಎಂದ. ಅವನ ಮಾತು ಸರಿಯಾಗಿತ್ತು; ಅಂಕ ಕೊಟ್ಟೆ. ಕುದುರೆಮುಖದ ಹುಲ್ಲುಗಾವಲು ಹಸಿರೇರುವ ಹೊತ್ತಿಗೆ ಇಲ್ಲಿನ ಗುಡ್ಡಗಳು ಮಾಗಿದ ಭತ್ತದ ಬಣ್ಣಕ್ಕೆ ತಿರುಗಿರುತ್ತವೆ, ಅಲ್ಲಿ ಹುಲ್ಲು ಒಣಗುವ ಜನವರಿಯಲ್ಲಿ ಇಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಮಕ್ಕಳು ದಿನವೂ ಕಾಣುವ ನೆಲದ ಬಗ್ಗೆ ಕನ್ನಡದಲ್ಲಿ ಹೇಳಲು ನಾವು ಅವರಿಗೆ ಕಲಿಸಿಯೇ ಇಲ್ಲವೆಂಬುದು ಅಂದು ನನ್ನ ಮನಸ್ಸಿಗೆ ನಾಟಿತು.

ಈ ದಾರಿಯಲ್ಲಿ ಹೇಳುವುದಕ್ಕೆ ಬಹಳಷ್ಟಿದೆ. ಬಿಸಿಲು ಹೆಚ್ಚು ಬೀಳುವ ದಕ್ಷಿಣದ ಓರೆಯಲ್ಲಿ ಇಲ್ಲಿಯವರು ಶ್ಯಾಪರಾಲ್ ಎನ್ನುವ ಕುರುಚಲು ಕಾಡಿದ್ದರೆ, ಉತ್ತರಕ್ಕೆ ಮುಖ ಮಾಡಿದ ನೆರಳಿನ ಓರೆಯಲ್ಲಿ ಓಕ್ ಮತ್ತು ಬೇ ಲಾರೆಲ್ ಮರಗಳಿವೆ. ಒಂದೇ ಗುಡ್ಡದ ಎರಡು ಮೈಗಳು ಎರಡು ಊರುಗಳಷ್ಟು ಬೇರೆ. ಕುರುಚಲಿನಲ್ಲಿ ಬೆಳೆಯುವ ಶಮೀಸ್ ಪೊದೆಯ ಎಲೆಗಳು ಸೂಜಿಮೊನೆಯಂತೆ ಸಣ್ಣವು, ಗೊಂಚಲು ಗೊಂಚಲಾಗಿ ಕಡ್ಡಿಗೆ ಅಂಟಿಕೊಂಡಿರುತ್ತವೆ. ತಿಂಗಳುಗಟ್ಟಲೆ ಮಳೆಯಿಲ್ಲದೆ ಬದುಕಬೇಕಾದ ಗಿಡ ಎಲೆಯನ್ನು ಅಷ್ಟು ಚಿಕ್ಕದಾಗಿಸಿಕೊಂಡಿದೆ. ಅದರಲ್ಲಿ ಎಣ್ಣೆಯಂಶವಿರುವುದರಿಂದ ಬೆಂಕಿ ಬೇಗ ಹತ್ತುತ್ತದೆ, ಆದರೆ ಸುಟ್ಟ ಬುಡದಿಂದ ಮತ್ತೆ ಚಿಗುರುತ್ತದೆ. ಬಯಲಿನಲ್ಲಿ ತೂಗುವ ಕಾಡು ಓಟ್ಸ್ ಹುಲ್ಲು ಈ ನೆಲದ್ದಲ್ಲ, ಯುರೋಪಿನವರ ಜೊತೆ ಬಂದದ್ದು. ಇಲ್ಲಿಯದೇ ಆದ ಪರ್ಪಲ್ ನೀಡಲ್‌ಗ್ರಾಸ್ 2004ರಿಂದ ಕ್ಯಾಲಿಫೋರ್ನಿಯಾದ ರಾಜ್ಯಹುಲ್ಲು. ಹೊರಗಿನಿಂದ ಬಂದು ಬೇರುಬಿಟ್ಟದ್ದರ ಕಥೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾದೀತು. ಕೆಳಗೆ ಬಿದ್ದ ಬೇ ಎಲೆಯನ್ನು ಮುರಿದು ಮೂಸಿದರೆ ನಮ್ಮ ಪಲಾವ್ ಎಲೆಗಿಂತ ಎಷ್ಟೋ ಘಾಟು. ಗಿಡದಿಂದ ಮಾತ್ರ ಏನನ್ನೂ ಕೀಳುವಂತಿಲ್ಲ.

ತಾವು ವಿಶೇಷವಾಗಿ ಗಮನಿಸಬೇಕಾದದ್ದು ಪಾಯ್ಸನ್ ಓಕ್. ಹೆಸರಿಗೆ ಓಕ್ ಆದರೂ ಇದು ಮಾವು, ಗೇರು, ಕೇರುಗಳ ಕುಟುಂಬಕ್ಕೆ ಸೇರಿದ ಗಿಡ. ಮಾವಿನ ಸೊನೆ ತಾಗಿ ತುಟಿಯ ಸುತ್ತ ಉರಿದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೇರಿನ ಸೊನೆಯಿಂದ ಮೈಮೇಲೆ ಗುಳ್ಳೆ ಏಳುವುದನ್ನು ಮಲೆನಾಡಿನವರು ಬಲ್ಲರು. ಇದೂ ಅದೇ ಬಗೆಯದು. ಒಂದೇ ತೊಟ್ಟಿನಲ್ಲಿ ಮೂರು ಎಲೆ, ಚಿಗುರಿನಲ್ಲಿ ಕೆಂಪು ಹೊಳಪು. ತಾಗಿದ ಕೂಡಲೇ ಏನೂ ಆಗುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆ ತುರಿಕೆ, ದದ್ದು ಕಾಣಿಸುತ್ತದೆ. ಆದ್ದರಿಂದ ಮಕ್ಕಳಿಗೆ ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ, ಬೂಟು ಹಾಕಿ ಕಳುಹಿಸಿರಿ. ಮನೆಗೆ ಬಂದೊಡನೆ ಸೋಪು ಹಚ್ಚಿ ಕೈಕಾಲು ತೊಳೆಸಿ, ಅಂದಿನ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಆ ಗಿಡದ ಎಣ್ಣೆ ಬೂಟಿನ ಲೇಸಿಗೂ ಅಂಟಿರುತ್ತದೆ. ಸ್ನಾನ ಮಾಡಿಸುವಾಗ ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಕೂದಲಿನಂಚಿನಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದೂ ನೋಡಿರಿ.

ರ‍್ಯಾಟಲ್ ಎಂಬ ವಿಷದ ಹಾವುಗಳು ಬಿಸಿಲು ಕಾಯಲು ಹೊರಬರುವ ಕಾಲವಿದು. ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು, ಕಣ್ಣಿಗೆ ಕಾಣದ ಕಲ್ಲುಸಂದಿಗೆ ಕೈ ಹಾಕಬಾರದು ಎಂದು ಮನೆಯಲ್ಲೂ ಒಮ್ಮೆ ಹೇಳಿರಿ. ಪ್ರತಿ ಐದು ಮಕ್ಕಳಿಗೆ ಒಬ್ಬ ಹಿರಿಯರು ಜೊತೆಗಿರುತ್ತಾರೆ; ಯಾವ ಮಗುವೂ ಮುಂದೆ ಓಡದಂತೆ, ಹಿಂದೆ ಉಳಿಯದಂತೆ ನೋಡಿಕೊಳ್ಳುತ್ತೇವೆ.

ಈ ಗುಡ್ಡಗಳಲ್ಲಿ ಮನೆಗಳು ಏಳದೆ ಹುಲ್ಲು ಉಳಿದಿರುವುದು ತಾನಾಗಿ ಆದದ್ದಲ್ಲ. ಇದನ್ನು ನೋಡಿಕೊಳ್ಳುವ ಮಿಡ್‌ಪೆನಿನ್ಸುಲಾ ರೀಜನಲ್ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್ ಎಂಬ ಸಾರ್ವಜನಿಕ ಸಂಸ್ಥೆಯನ್ನು 1972ರಲ್ಲಿ ಇಲ್ಲಿನ ಜನ ಮತ ಹಾಕಿ ರಚಿಸಿಕೊಂಡರು. ಮಕ್ಕಳಿಗೆ ಇದನ್ನು ಗುಡ್ಡದ ಮೇಲೆಯೇ ನಿಂತು ಹೇಳಬೇಕೆಂದಿದ್ದೇನೆ.

ಭಾನುವಾರ ಕಾರು ನಿಲ್ಲಿಸುವ ಜಾಗ ಬೇಗ ತುಂಬುವುದರಿಂದ ಎರಡು ಮೂರು ಮನೆಯವರು ಒಂದೇ ಕಾರಿನಲ್ಲಿ ಬಂದರೆ ಒಳ್ಳೆಯದು. ಬೆಳಿಗ್ಗೆ 8 ಗಂಟೆಗೆ ಅಲ್ಲಿರಬೇಕು. ಇಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ. ಪ್ರತಿ ಮಗುವಿನ ಬಳಿ ಒಂದು ಲೀಟರ್ ನೀರು, ಟೋಪಿ, ಒಂದು ಪುಸ್ತಕ, ಪೆನ್ಸಿಲ್ ಇರಲಿ. ಇಳಿದು ಬಂದ ಮೇಲೆ ಎಲ್ಲರೂ ಕೂಡಿ ಊಟ; ಪುಳಿಯೋಗರೆ, ಮೊಸರನ್ನ ತರಲು ಕೆಲವು ತಾಯಂದಿರು ಈಗಾಗಲೇ ಒಪ್ಪಿದ್ದಾರೆ. ಉಬ್ಬಸ ಅಥವಾ ಜೇನುನೊಣದ ಅಲರ್ಜಿ ಇರುವ ಮಕ್ಕಳ ಪೋಷಕರು ಔಷಧಿಯನ್ನು ಹೆಸರು ಬರೆದು ನನ್ನ ಕೈಗೇ ಕೊಡಬೇಕಾಗಿ ವಿನಂತಿ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಬರುವ ಭಾನುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿರಿ. ಅಂದು ಮಳೆ ಬಂದರೆ ನಡಿಗೆಯನ್ನು ಮುಂದಿನ ವಾರಕ್ಕೆ ಹಾಕುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ